ಕಾಗೋಡಿನ ಗೋಡೆಗೆ ಚಿತ್ತಾರ

ಯಾವ ಅಡ್ಡಿಯೂ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಗೆಳೆಯರು ನಮ್ಮನ್ನು ಕೇಳುವುದುಂಟು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹವನ್ನು ಆ ಊರಿನ ಗೋಡೆಗಳ ಮೇಲೆಯೇ ಚಿತ್ತಾರವಾಗಿ ಬರೆಸುತ್ತೇವೆ.

ಬರೆಯುವವರು ಪಟ್ಟಣದ ಕಲಾವಿದರಲ್ಲ, ದೀವರ ಹೆಣ್ಣುಮಕ್ಕಳು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತರಬೇಕಾದುದು ಏನೂ ಇಲ್ಲ. ಮದುವೆಯ ಹಸೆಗೋಡೆಗೂ ಭೂಮಿ ಹುಣ್ಣಿಮೆಯ ಬುಟ್ಟಿಗೂ ಬರೆಯುವ ಕೈ ಗೇಣಿಯ ಕೊಳಗವನ್ನೂ ಬರೆಯಲಿ. ಒಡೆಯರು ಅಳೆಯುವ ಕೊಳಗ ದೊಡ್ಡದು ಎಂಬುದರಿಂದಲೇ ಅಲ್ಲವೆ ಜಗಳ ಎದ್ದದ್ದು? ಗಣಪತಿಯಪ್ಪನವರು ಇರಲಿ, ಸಾಗರದ ರೈಲು ನಿಲ್ದಾಣದಲ್ಲಿ ಬಂಧಿತರಾದ ಲೋಹಿಯಾ ಅವರೂ ಇರಲಿ. ಆದರೆ ನಾಯಕರಿಗೆ ಒಂದು ಮೂಲೆ ಸಾಕು. ನೇಗಿಲು ಹೊತ್ತು ಗದ್ದೆಗಿಳಿದು ಜೈಲಿಗೆ ಹೋದವರು ನಡುವೆ ನಿಲ್ಲಬೇಕು.

ಅಡ್ಡಿಯಾಗಿರುವುದು ಬಣ್ಣವಲ್ಲ, ಬಿಡುವು. ನಾಟಿ, ಕಳೆ, ಕೊಟ್ಟಿಗೆ, ಒಲೆ ಮುಗಿದ ಮೇಲೆ ಆ ಕೈಗೆ ಎಷ್ಟು ಹೊತ್ತು ಉಳಿದೀತು? 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ತೆಗೆಯಿತು. ಹೆಂಗಸಿಗೆ ಬಿಡುವು ಕೊಡಿಸುವ ಕಾಯಿದೆಯನ್ನು ಯಾರೂ ತರಲಿಲ್ಲ. ಚೌಕಟ್ಟು ಹಾಕಿದ ಚಿತ್ತಾರವನ್ನು ಪೇಟೆಯವರು ಮೆಚ್ಚುತ್ತಾರೆ. ಮೆಚ್ಚಲಿ, ನಮ್ಮ ತಕರಾರಿಲ್ಲ. ಬರೆದವಳು ಯಾರೆಂದೂ ಒಮ್ಮೆ ಕೇಳಲಿ.

ಆದ್ದರಿಂದ ನಮ್ಮ ಯೋಜನೆಯ ಮೊದಲ ಖರ್ಚು ಮೂರು ತಿಂಗಳ ಕೂಲಿ. ಗದ್ದೆಯ ಕೂಲಿಗಿಂತ ಅದು ಒಂದು ಕಾಸೂ ಕಡಿಮೆಯಾಗಕೂಡದು. ಪ್ರತಿ ಗೋಡೆಯ ಕೆಳಗೆ ಬರೆದವಳ ಹೆಸರಿರಬೇಕು. ಮಳೆಗೆ ಚಿತ್ತಾರ ಮಾಸಿದರೆ ಮರುವರ್ಷ ಮತ್ತೆ ಬರೆಯಲಿ, ಮತ್ತೆ ಕೂಲಿ ಕೊಡೋಣ. ಆ ಮೂರು ತಿಂಗಳು ಮನೆಯ ಒಲೆಯನ್ನು ಗಂಡಸರು ಹಚ್ಚಲಿ.