ಯಂತ್ರಕ್ಕೆ ತಕ್ಕ ಕವಚ



ಕಳೆದ ದೀಪಾವಳಿಗೆ ಅರಸೀಕೆರೆಗೆ ಬಂದಿದ್ದ ನನ್ನ ತಮ್ಮನ ಮಗ ಕಪಾಟಿನಲ್ಲಿದ್ದ ನಮ್ಮ ತಂದೆಯವರ ಕೈಗಡಿಯಾರವನ್ನು ಎತ್ತಿಕೊಂಡು, "ದೊಡ್ಡಪ್ಪ, ಇದರ ಮಷೀನು ನನಗೆ ಕೊಡ್ರಿ. 42 ಮಿಲಿಮೀಟರಿನ ಸ್ಟೀಲ್ ಕೇಸು ತರಿಸಿ, ಹೊಸ ಡಯಲು ಹಾಕಿ, ಹಳೆಯ ಕಾಲದ ಮಾದರಿಯ ವಾಚು ಜೋಡಿಸ್ತೀನಿ" ಎಂದ. ಬಿಡಿಭಾಗಗಳನ್ನು ತರಿಸಿ ತಾವೇ ವಾಚು ಜೋಡಿಸುವ ಹವ್ಯಾಸ ಈಗ ಯುವಕರಲ್ಲಿ ಬೆಳೆದಿದೆಯಂತೆ. ಆ ದಿನ ನಾನು ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಅದು ಎಚ್‌ಎಂಟಿಯ 'ಜನತಾ'. ಕೈಯಿಂದ ಕೀ ಕೊಡುವ, 17 ಜ್ಯುವೆಲ್‌ಗಳ ಗಡಿಯಾರ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಆರಂಭವಾಯಿತು. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಬಂದಿತು. ನಮ್ಮ ತಲೆಮಾರಿನಲ್ಲಿ ಮದುವೆಯ ವರನಿಗೆ, ನೌಕರಿ ಹಿಡಿದ ಮಗನಿಗೆ, ನಿವೃತ್ತರಾಗುವ ಮೇಷ್ಟ್ರಿಗೆ ಕೊಡುತ್ತಿದ್ದ ಕಾಣಿಕೆಯೆಂದರೆ ಎಚ್‌ಎಂಟಿ ವಾಚೇ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಾಗ ಮನೆಯಲ್ಲಿ ಯಾರನ್ನೋ ಕಳೆದುಕೊಂಡಂತೆ ಮರುಗಿದವರು ನಮ್ಮಲ್ಲಿ ಹಲವರಿದ್ದೆವು.

ದಾವಣಗೆರೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ತಂದೆಯವರು, ನಾನು ಬಿ.ಎಡ್.ಗೆ ಹೊರಟ ದಿನ ಆ ವಾಚನ್ನು ತಮ್ಮ ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಬೆವರಿಗೆ ಕೇಸಿನ ಹೊಳಪಿನ ಲೇಪ ಹೋಗಿ ಒಳಗಿನ ಹಿತ್ತಾಳೆ ಕಾಣಿಸಿಕೊಂಡಿತು. ಮಣಿಕಟ್ಟಿನ ಮೇಲೆ ಹಸಿರು ಕಲೆ ಬೀಳತೊಡಗಿತು. ಹೊಸದಾಗಿ ನೌಕರಿ ಸೇರಿದ್ದ ನನಗೆ ಅದೊಂದು ಅವಮಾನವೆನಿಸಿತು. ಪಟ್ಟಣದ ರಿಪೇರಿ ಅಂಗಡಿಯೊಂದರಲ್ಲಿ ಬಂಗಾರದ ಬಣ್ಣದ ಕೇಸನ್ನು ನಾನೇ ಆರಿಸಿದೆ. "ಬೆಲ್ಟು ಅದೇ 18 ಮಿಲಿಮೀಟರ್, ಕೂಡುತ್ತದೆ" ಎಂದರು. ಬೆಲ್ಟೇನೋ ಕೂಡಿತು. ಯಂತ್ರ ಕೂಡಲಿಲ್ಲ. ಡಯಲಿನ ಹಿಂಬದಿಯ ಎರಡು ಪುಟ್ಟ ಕಾಲುಗಳನ್ನು ಕತ್ತರಿಸಿ ಅಂಟು ಹಚ್ಚಿ ಕೂರಿಸಿದ್ದರೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ನಾಲ್ಕು ತಿಂಗಳಲ್ಲಿ ಡಯಲು ಸರಿಯಿತು, ಸೆಕೆಂಡಿನ ಮುಳ್ಳು ಗಾಜಿಗೆ ಉಜ್ಜತೊಡಗಿತು, ಕೀ ಗುಂಡಿ ಬಿಗಿಯಾಯಿತು. ಹಳೆಯ ಕೇಸನ್ನು ಕೇಳಲು ಹೋದರೆ ಅದು ಗುಜರಿಗೆ ಹೋಗಿತ್ತು. ತಂದೆಯವರು ವಾಚನ್ನು ಕಿವಿಗೆ ಹಿಡಿದು ನೋಡಿ, ಏನೂ ಅನ್ನದೆ ಹಿಂದಿರುಗಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಕೇಸಿಗೆ ಮನಸೋತು ಅದರೊಳಗೆ ಯಂತ್ರವನ್ನು ತುರುಕಬಾರದು, ಯಂತ್ರವನ್ನು ಅಳೆದು ಅದಕ್ಕೆ ಕೇಸನ್ನು ಹುಡುಕಬೇಕು. ನಾನು ತರಗತಿಗೆ ತರುತ್ತಿದ್ದ ವರ್ನಿಯರ್ ಕ್ಯಾಲಿಪರ್ ನಿಮಗೆ ನೆನಪಿರಬಹುದು. ಮೊದಲು ಅದು ಬೇಕು, ಆಮೇಲೆ ಅಭಿರುಚಿ.

ನೋಡಬೇಕಾದವು ಹೆಚ್ಚಿಲ್ಲ. ಯಂತ್ರದ ವ್ಯಾಸ ಮತ್ತು ದಪ್ಪ ಮೊದಲನೆಯದು. ಡಯಲಿನ ವ್ಯಾಸ ಮತ್ತು ಅದರ ಕಾಲುಗಳ ಸ್ಥಾನ ಎರಡನೆಯದು. ಮೂರನೆಯದು ಹಲವರು ಮರೆಯುವಂಥದು: ಕೀ ಕಡ್ಡಿಯ ಎತ್ತರ. ಕೇಸಿನ ಪಕ್ಕದ ರಂಧ್ರವೂ ಯಂತ್ರದಿಂದ ಹೊರಡುವ ಕಡ್ಡಿಯೂ ಒಂದೇ ರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ಸಲ ಕೀ ಕೊಡುವಾಗ ಕಡ್ಡಿ ಬಾಗುತ್ತದೆ. ಒಂದು ದಿನ ಮುರಿಯುತ್ತದೆ. ನಾಲ್ಕನೆಯದು, ಮುಳ್ಳುಗಳ ತುದಿಗೂ ಗಾಜಿಗೂ ನಡುವಿನ ಅಂತರ. ಇವೆಲ್ಲ ಹೊಂದಿದ ಮೇಲೆ ಬೆನ್ನಿನ ಮುಚ್ಚಳ, ವಾಷರು, ಬೆಲ್ಟು. ಎಚ್‌ಎಂಟಿ ಕೇಸಾದ ಮಾತ್ರಕ್ಕೆ ಎಲ್ಲ ಎಚ್‌ಎಂಟಿ ಯಂತ್ರಗಳಿಗೂ ಒಗ್ಗುತ್ತದೆಂದು ತಿಳಿಯಬಾರದು. ಆಟೊಮ್ಯಾಟಿಕ್ ಯಂತ್ರದ ಬೆನ್ನಮೇಲೆ ತಿರುಗುವ ತೂಕವಿರುವುದರಿಂದ ಅದಕ್ಕೆ ಆಳವಾದ ಕೇಸೇ ಬೇಕು.

ಇನ್ನು ಆ 42 ಮಿಲಿಮೀಟರಿನ ಮಾತು. ಸಣ್ಣ ಯಂತ್ರದ ಸುತ್ತ ಬಳೆಯೊಂದನ್ನು ಹಾಕಿ ದೊಡ್ಡ ಕೇಸಿನಲ್ಲಿ ಕೂರಿಸಬಹುದು, ನಿಜ. ಆದರೆ ಕಡ್ಡಿ ಉದ್ದವಾಗಬೇಕು. ಅಗಲವಾದ ಡಯಲಿಗೆ ಉದ್ದವಾದ ಮುಳ್ಳು ಬೇಕು. ಆ ಭಾರವನ್ನು ಹೊರಲೆಂದು ಆ ಯಂತ್ರ ಹುಟ್ಟಿದ್ದಲ್ಲ. ನೋಟಕ್ಕೂ ಅದು ಅಪ್ಪನ ಅಂಗಿ ತೊಟ್ಟ ಬಾಲಕನಂತಿರುತ್ತದೆ. ನಮ್ಮ ಜನತಾ ವಾಚಿನ ಅಂದವೇ ಅದರ ಪುಟ್ಟ ಮೈಯಲ್ಲಿತ್ತು.

ಹಾಗಾದರೆ ಈ ಹವ್ಯಾಸವೇ ಬೇಡವೇ? ಖಂಡಿತ ಬೇಕು. ಕೈಯಿಂದ ಕೆಲಸ ಮಾಡುವ ಮಕ್ಕಳನ್ನು ಕಂಡರೆ ಮೇಷ್ಟ್ರಿಗೆ ಸಂತೋಷವೇ. ಆದರೆ ಕಲಿಕೆಗೆ ಹೊಸ ಯಂತ್ರವನ್ನು ಬಳಸಲಿ. ಹವ್ಯಾಸಿಗಳು ಹೆಚ್ಚಾಗಿ ಕೊಳ್ಳುವ ಸೈಕೋ ಸಮೂಹದ ಎನ್‌ಎಚ್35 ಯಂತ್ರದ ಅಳತೆ ಎಲ್ಲರಿಗೂ ಗೊತ್ತಿರುವಂಥದು: ವ್ಯಾಸ 27.4 ಮಿಲಿಮೀಟರ್, ದಪ್ಪ 5.32 ಮಿಲಿಮೀಟರ್. ಇದಕ್ಕೆಂದೇ ಮಾಡಿದ ಕೇಸುಗಳೂ 28.5 ಮಿಲಿಮೀಟರಿನ ಡಯಲುಗಳೂ ದೊರೆಯುತ್ತವೆ. ಅಲ್ಲಿಯೂ ಎಚ್ಚರ ಬೇಕು. ಕೀ ಗುಂಡಿ 3ರ ಅಂಕಿಯ ನೇರಕ್ಕಿರುವ ಕೇಸು, 4ರ ಸಮೀಪವಿರುವ ಕೇಸು ಎಂದು ಎರಡು ಬಗೆಯಿವೆ. ಅವಕ್ಕೆ ತಕ್ಕಂತೆ ಡಯಲಿನ ಕಾಲುಗಳ ಸ್ಥಾನವೂ ಬದಲಾಗುತ್ತದೆ. ಅದು ಗಂಟೆಗೆ 21,600 ಸಲ ಮಿಡಿಯುತ್ತದೆ. ತಾತನ ವಾಚು 18,000 ಸಲ. ಸೆಕೆಂಡಿಗೆ ಎಷ್ಟೆಷ್ಟಾಯಿತೆಂದು ಲೆಕ್ಕ ಹಾಕಿದವರಿಗೆ ಈಗಲೂ ಪೂರ್ಣಾಂಕ ಕೊಡುತ್ತೇನೆ.

ಇನ್ನೊಂದು ಮಾತು, ಪ್ರಾಮಾಣಿಕತೆಯದು. ಹಳೆಯ ಎಚ್‌ಎಂಟಿ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲು, ಇನ್ನೆಲ್ಲಿಯದೋ ಕೇಸು ಜೋಡಿಸಿ 'ಅಪ್ಪಟ ಹಳೆಯ ವಾಚು' ಎಂದು ಮಾರುವವರಿದ್ದಾರೆ. ಜೋಡಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಯಾವ ಭಾಗ ಎಲ್ಲಿಯದೆಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಟ್ಟರೆ ಮುಂದಿನವರಿಗೆ ಮೋಸವಾಗದು. 'ಹಳೆಯದನ್ನು ಮುಟ್ಟಲೇಬಾರದು' ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ವಾಚು ಇರುವುದು ಕೈಗೆ ಕಟ್ಟಲು. ಕಪಾಟಿನಲ್ಲಿಟ್ಟು ನಾನು ಅದಕ್ಕೆ ಯಾವ ಗೌರವವನ್ನೂ ಸಲ್ಲಿಸಿಲ್ಲ.

ಮೊನ್ನೆ ಅದನ್ನು ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿದೆ. ಯಂತ್ರ ಇಂದಿಗೂ ಓಡುತ್ತದೆ. ಕೆಟ್ಟಿರುವುದು ನಾನು ಆರಿಸಿದ ಕೇಸೊಂದೇ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಯಂತ್ರ ನಿಂತುಹೋಗಿ ಕೇಸು ಮಾತ್ರ ಚೆನ್ನಾಗಿರುವ ಜನತಾ ವಾಚಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನನಗೊಂದು ಮಾತು ತಿಳಿಸಿ. ಮಗೂ, ನೀನು ಮೊದಲು ಹೊಸ ಯಂತ್ರದಿಂದ ಒಂದು ವಾಚನ್ನು ಜೋಡಿಸಿ ಕಲಿತುಕೋ. ತಾತನ ಯಂತ್ರಕ್ಕೆ ತಕ್ಕ ಕೇಸು ಸಿಕ್ಕ ದಿನ ಅದನ್ನು ಕೂರಿಸುವವನು ನೀನೇ. ಅಳತೆ ತೆಗೆಯುವಾಗ ನಾನು ಪಕ್ಕದಲ್ಲಿ ಕುಳಿತಿರುತ್ತೇನೆ.