ಬಂದ ಓಲೆ, ಬಾರದ ಲಗತ್ತು

“ಕಾಗದವನ್ನು ಲಗತ್ತಿಸಿದ್ದೇನೆ” ಎಂದು ಬರೆದವನು ಸುಳ್ಳು ಹೇಳಲಿಲ್ಲ. “ಓಲೆಯೊಡನೆ ಯಾವ ಕಾಗದವೂ ಬರಲಿಲ್ಲ” ಎಂದವಳೂ ಸುಳ್ಳು ಹೇಳಲಿಲ್ಲ. ಆದರೂ ಇಬ್ಬರ ನಡುವೆ ಮನಸ್ತಾಪ ಬೆಳೆಯಿತು. ಇ-ಮೇಲಿನ ಈ ಕಾಲದಲ್ಲಿ ಇಂತಹ ವಿಚಿತ್ರ ವ್ಯಾಜ್ಯಗಳಿಗೆ ಕೊರತೆಯಿಲ್ಲ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡದಲ್ಲಿ ಅಕ್ಕ, ಹುಬ್ಬಳ್ಳಿಯಲ್ಲಿ ಅಣ್ಣ, ಬೆಂಗಳೂರಿನಲ್ಲಿ ಕಿರಿಯ ತಮ್ಮ. ತಂದೆಯವರು ಕಟ್ಟಿಸಿದ ಮನೆಯ ವಿಭಾಗಪತ್ರದ ಕರಡು ಸಿದ್ಧವಾಗಿದೆ. ಸೋಮವಾರದೊಳಗೆ ಮೂವರೂ ಅದನ್ನು ಓದಿ ಒಪ್ಪಿಗೆ ತಿಳಿಸಬೇಕು. ತಮ್ಮನು ಕಚೇರಿಯ ಕಂಪ್ಯೂಟರಿನಲ್ಲಿರುವ ಔಟ್‌ಲುಕ್ ಎಂಬ ಮೇಲ್ ತಂತ್ರಾಂಶದಿಂದ ಅಕ್ಕನಿಗೂ ಅಣ್ಣನಿಗೂ ಒಂದೇ ಓಲೆಯನ್ನು ಕಳುಹಿಸಿದನು. ಅಣ್ಣನ ಅಂಗಡಿಯಲ್ಲಿಯೂ ಔಟ್‌ಲುಕ್ ಇದೆ. ಆತನಿಗೆ ಕರಡು ಕಾಣಿಸಿತು. ಅಕ್ಕ ತನ್ನ ಐಫೋನಿನಲ್ಲಿ ಓಲೆಯನ್ನು ತೆರೆದಾಗ ಕಂಡುದು ನಾಲ್ಕು ಸಾಲಿನ ಒಕ್ಕಣೆ, ಅದರ ಕೆಳಗೆ ‘ವಿನ್‌ಮೇಲ್.ಡ್ಯಾಟ್’ ಎಂಬ ಅಪರಿಚಿತ ಹೆಸರಿನ ಕಡತ. ಅದನ್ನು ಮುಟ್ಟಿದರೆ ತೆರೆಯಲೊಲ್ಲದು.

ಆಕೆ ಕೇಳಿದಳು, ತಮ್ಮನು ಮತ್ತೆ ಕಳುಹಿಸಿದನು. ಮೂರನೆಯ ಬಾರಿಯೂ ಅದೇ ಗತಿ. “ಕಳುಹಿಸಿದ ಓಲೆಗಳ ಪೆಟ್ಟಿಗೆಯಲ್ಲಿ ಕರಡು ಕಣ್ಣೆದುರಿಗೇ ಇದೆ, ಅಕ್ಕನಿಗೆ ನೋಡಲು ಬಾರದು” ಎಂದು ತಮ್ಮನಿಗೆ ಬೇಸರ. “ಅಣ್ಣನಿಗೆ ಬಂದ ಕಾಗದ ನನಗೇಕೆ ಬಾರದು? ನನ್ನಿಂದ ಮರೆಮಾಚಬೇಕಾದುದು ಅದರಲ್ಲಿ ಏನಿದೆ?” ಎಂದು ಅಕ್ಕನಿಗೆ ಸಂಶಯ. ಆಸ್ತಿಯ ವಿಷಯದಲ್ಲಿ ಸಂಶಯಕ್ಕೆ ಒಂದು ಕಿಡಿ ಸಾಕು.

ಈ ಪ್ರಸಂಗದಲ್ಲಿ ಅಪರಾಧಿ ಯಾರು? ಅಕ್ಕನೂ ಅಲ್ಲ, ತಮ್ಮನೂ ಅಲ್ಲ. ಒಂದು ತಂತ್ರಾಂಶವು ಕಟ್ಟಿದ ಗಂಟನ್ನು ಇನ್ನೊಂದು ಬಿಚ್ಚಲಾರದೆ ಹೋದುದೇ ಇಷ್ಟಕ್ಕೆಲ್ಲ ಕಾರಣ. ಇದನ್ನು ಅರಿಯಬೇಕಾದರೆ ಇ-ಮೇಲಿನ ಹುಟ್ಟುಗುಣವನ್ನು ಸ್ವಲ್ಪ ತಿಳಿಯುವುದು ಅವಶ್ಯ.

ಇಂದಿಗೂ ಬಳಕೆಯಲ್ಲಿರುವ ಇ-ಮೇಲ್ ಪದ್ಧತಿಯ ಮೂಲ ನಿಯಮಗಳು 1982ರಲ್ಲಿ ಪ್ರಕಟವಾದವು. ಆ ನಿಯಮಗಳ ಪ್ರಕಾರ ಓಲೆಯಲ್ಲಿ ಸಾಗುತ್ತಿದ್ದುದು ಇಂಗ್ಲಿಷಿನ ಅಕ್ಷರ, ಅಂಕಿ, ವಿರಾಮಚಿಹ್ನೆಗಳು ಮಾತ್ರ. ಚಿತ್ರಕ್ಕಾಗಲಿ ಧ್ವನಿಗಾಗಲಿ, ಕನ್ನಡದ ಒಂದು ಅಕ್ಷರಕ್ಕಾಗಲಿ ಅಲ್ಲಿ ನೇರವಾದ ದಾರಿಯಿರಲಿಲ್ಲ. ಈ ಕೊರತೆಯನ್ನು ನೀಗಿಸಿದವರು ಅಮೆರಿಕದ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ತಜ್ಞರು. ಅವರು ರೂಪಿಸಿದ ‘ಮೈಮ್’ ಎಂಬ ಪದ್ಧತಿಯಂತೆ 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನರು ಒಂದು ಓಲೆ ಕಳುಹಿಸಿದರು. ಅದರಲ್ಲಿ ನಾಲ್ವರು ಗಾಯಕರ ಒಂದು ಮೇಳದ ಛಾಯಾಚಿತ್ರವೂ ಗಾಯನವೂ ಇದ್ದವು. ಆ ನಾಲ್ವರಲ್ಲಿ ಬೋರೆನ್‌ಸ್ಟೈನರೂ ಒಬ್ಬರು! ಅದೇ ವರ್ಷ ಜೂನಿನಲ್ಲಿ ಈ ಪದ್ಧತಿಯ ವಿವರಗಳು ಪ್ರಕಟವಾದವು.

ಮೈಮ್ ಮಾಡುವ ಕೆಲಸ ಬಲು ಜಾಣತನದ್ದು. ಯಾವುದೇ ಕಡತದ ಪ್ರತಿ ಮೂರು ಬೈಟುಗಳನ್ನು ಅದು ನಾಲ್ಕು ಸಾಮಾನ್ಯ ಅಕ್ಷರಗಳಾಗಿ ಬದಲಾಯಿಸುತ್ತದೆ. ಅಂದರೆ ಅಂಚೆಯ ದಾರಿಯಲ್ಲಿ ಸಾಗುವಾಗ ವಿಭಾಗಪತ್ರವೂ ಮದುವೆಯ ಭಾವಚಿತ್ರವೂ ಅರ್ಥವಿಲ್ಲದ ಅಕ್ಷರಗಳ ಸಾಲುಗಳೇ. ಪ್ರತಿಯೊಂದು ಭಾಗದ ತಲೆಯಲ್ಲಿ, “ಇದು ಚಿತ್ರ, ಇದರ ಹೆಸರು ಇಂಥದು, ಇದನ್ನು ಓಲೆಯೊಳಗೇ ತೋರಿಸು” ಅಥವಾ “ಪ್ರತ್ಯೇಕ ಲಗತ್ತಾಗಿ ಇಡು” ಎಂಬ ಚೀಟಿ ಅಂಟಿರುತ್ತದೆ. ಸ್ವೀಕರಿಸುವ ತಂತ್ರಾಂಶವು ಚೀಟಿಯನ್ನು ಓದಿ, ಅಕ್ಷರಗಳನ್ನು ಮತ್ತೆ ಕಡತವನ್ನಾಗಿ ಮಾಡುತ್ತದೆ. ಚೀಟಿಯನ್ನು ಇಬ್ಬರೂ ಒಂದೇ ರೀತಿ ಓದಿದರೆ ಸುಖ. ಬೇರೆ ಬೇರೆ ಓದಿದರೆ ಕಲಹ.

ತಮ್ಮನ ಓಲೆಗೆ ಆದುದೇನು? ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳುವ ಸಾಂಪ್ರದಾಯಿಕ ಔಟ್‌ಲುಕ್‌ನಲ್ಲಿ ಓಲೆ ಬರೆಯಲು ಮೂರು ಬಗೆಗಳುಂಟು: ಸರಳ ಪಠ್ಯ, ಎಚ್‌ಟಿಎಂಎಲ್ ಮತ್ತು ರಿಚ್ ಟೆಕ್ಸ್ಟ್. ಮೊದಲಿನ ಎರಡನ್ನು ಎಲ್ಲ ತಂತ್ರಾಂಶಗಳೂ ಬಲ್ಲವು. ಮೂರನೆಯದು ಮೈಕ್ರೋಸಾಫ್ಟ್ ಮನೆತನದ ಸ್ವಂತ ಪದ್ಧತಿ. ಅದನ್ನು ಆರಿಸಿದಾಗ ಔಟ್‌ಲುಕ್ ಅಕ್ಷರಗಳ ಬಣ್ಣ, ಅಲಂಕಾರ, ಲಗತ್ತುಗಳು ಎಲ್ಲವನ್ನೂ ‘ಟಿಎನ್‌ಇಎಫ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ, ಅದಕ್ಕೆ ವಿನ್‌ಮೇಲ್.ಡ್ಯಾಟ್ ಎಂದು ಹೆಸರಿಟ್ಟು ಕಳುಹಿಸುವುದುಂಟು. ಇನ್ನೊಂದು ಔಟ್‌ಲುಕ್ ಅದನ್ನು ಸದ್ದಿಲ್ಲದೆ ಬಿಚ್ಚುತ್ತದೆ. ಅಣ್ಣನಿಗೆ ಗಂಟೊಂದು ಇತ್ತೆಂಬುದೇ ತಿಳಿಯದು. ಆ ಕಟ್ಟನ್ನು ಅರಿಯದ ತಂತ್ರಾಂಶವು ಅದನ್ನು ಹಾಗೆಯೇ ಎದುರಿಗಿಡುತ್ತದೆ. ಕಚೇರಿಯ ಗುಮಾಸ್ತನು ಶೀಘ್ರಲಿಪಿಯಲ್ಲಿ ಬರೆದುಕೊಂಡುದನ್ನು ಹಾಗೆಯೇ ಅಂಚೆಗೆ ಹಾಕಿದಂತೆ! ಓಲೆ ತಲಪಿದೆ, ಮಾತೂ ಪೂರ್ಣವಾಗಿದೆ. ಓದಬಲ್ಲವರು ಮಾತ್ರ ಎದುರಿಗಿಲ್ಲ.

ಆದುದರಿಂದ ಲಗತ್ತು ಕಾಣದಿದ್ದಾಗ ಮೊದಲು ನೋಡತಕ್ಕದ್ದು ಓಲೆಯ ತೂಕ. ನಾಲ್ಕು ಸಾಲಿನ ಓಲೆ ಕೆಲವೇ ಕೆಬಿಗಳಷ್ಟಿದ್ದರೆ ಕಳುಹಿಸಿದವರು ಲಗತ್ತಿಸುವುದನ್ನು ಮರೆತಿರಬಹುದು, ಇಲ್ಲವೆ ದಾರಿಯಲ್ಲಿ ಯಾವುದೋ ಕಾವಲು ವ್ಯವಸ್ಥೆ ಅದನ್ನು ತೆಗೆದಿರಬಹುದು. ಅದೇ ಓಲೆ ಒಂದೆರಡು ಎಂಬಿ ತೂಗಿದರೆ ಕಾಗದ ಒಳಗೇ ಇದೆ ಎಂದು ತಿಳಿಯಬೇಕು. ಎರಡನೆಯದಾಗಿ, ಅದೇ ಓಲೆಯನ್ನು ಬ್ರೌಸರಿನ ಮೂಲಕ ಅಂಚೆಯ ಜಾಲತಾಣದಲ್ಲಿ ತೆರೆದು ನೋಡಬೇಕು. ಫೋನಿನಲ್ಲಿ ಕಾಣದುದು ಅಲ್ಲಿ ಕಂಡರೆ ದೋಷ ಓಲೆಯದಲ್ಲ, ಫೋನಿನ ತಂತ್ರಾಂಶದ್ದು.

ವಿನ್‌ಮೇಲ್.ಡ್ಯಾಟ್ ಕಂಡರೆ ಔಷಧ ಇರುವುದು ಕಳುಹಿಸುವವರ ಕೈಯಲ್ಲಿ. ಓಲೆಯ ಬಗೆಯನ್ನು ಎಚ್‌ಟಿಎಂಎಲ್ ಅಥವಾ ಸರಳ ಪಠ್ಯಕ್ಕೆ ಬದಲಾಯಿಸಿ ಮತ್ತೊಮ್ಮೆ ಕಳುಹಿಸಿದರೆ ಸಾಮಾನ್ಯವಾಗಿ ಕಾರ್ಯ ಮುಗಿಯಿತು. ಔಟ್‌ಲುಕ್‌ನ ಆಯ್ಕೆಗಳ ಪಟ್ಟಿಯಲ್ಲಿ ಮೇಲ್ ವಿಭಾಗಕ್ಕೆ ಹೋಗಿ, ಹೊರಗಿನವರಿಗೆ ಕಳುಹಿಸುವ ರಿಚ್ ಟೆಕ್ಸ್ಟ್ ಓಲೆಗಳನ್ನು ಎಚ್‌ಟಿಎಂಎಲ್‌ಗೆ ಪರಿವರ್ತಿಸುವಂತೆ ಒಮ್ಮೆ ಗೊತ್ತುಮಾಡಿದರೆ ಮುಂದೆ ತೊಂದರೆ ಕಡಿಮೆ. ಅಷ್ಟಾದರೂ ಒಬ್ಬರಿಗೆ ಮಾತ್ರ ತೊಂದರೆ ಮುಂದುವರಿದರೆ ವಿಳಾಸಪುಸ್ತಕದಲ್ಲಿ ಅವರ ಹೆಸರಿನೊಡನೆ ಹಳೆಯ ಆಜ್ಞೆ ಉಳಿದಿದೆಯೇ ಎಂದು ನೋಡಬೇಕು. ಕೆಲವು ಕಚೇರಿಗಳಲ್ಲಿ ಈ ಗಂಟು ಕಟ್ಟುವುದು ಕೇಂದ್ರದ ಸರ್ವರಿನಿಂದಲೇ. ಅದನ್ನು ಸರಿಪಡಿಸಬಲ್ಲವರು ಅಲ್ಲಿನ ನಿರ್ವಾಹಕರು. ಸ್ವೀಕರಿಸಿದವರೇ ಗಂಟನ್ನು ಬಿಚ್ಚುವ ಉಪಕರಣಗಳೂ ಇವೆ. ಆದರೆ ಮನೆಯ ಆಸ್ತಿಪತ್ರವನ್ನು ಗುರುತುಪರಿಚಯವಿಲ್ಲದ ಜಾಲತಾಣಕ್ಕೆ ಒಪ್ಪಿಸಿ ಬಿಚ್ಚಿಸುವುದು ವಿವೇಕವಲ್ಲ.

ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ತೊಡಕುಂಟು. ಕಡತಕ್ಕೆ ‘ವಿಭಾಗಪತ್ರ’ ಎಂದು ಕನ್ನಡದಲ್ಲಿಯೇ ಹೆಸರಿಡುವುದು ಸಹಜ. ಕಂಪ್ಯೂಟರಿನ ಲೆಕ್ಕದಲ್ಲಿ, ಗುಣಿತ ಒತ್ತುಗಳೆಲ್ಲ ಸೇರಿ, ಆ ಪದದಲ್ಲಿ ಒಂಬತ್ತು ಸಂಕೇತಗಳಿವೆ. ಒಂದೊಂದಕ್ಕೆ ಮೂರು ಬೈಟು. ಮೈಮ್ ಚೀಟಿಯಲ್ಲಿ ಬರೆಯುವಾಗ ಪ್ರತಿ ಬೈಟಿಗೆ ಮೂರು ಅಕ್ಷರ. ಹೀಗೆ ಆ ಪುಟ್ಟ ಹೆಸರು 81 ಅಕ್ಷರಗಳಷ್ಟು ಉದ್ದವಾಗುತ್ತದೆ. ಚೀಟಿಯ ಒಂದು ಸಾಲು 78 ಅಕ್ಷರಗಳನ್ನು ಮೀರಬಾರದೆಂಬುದು ಶಿಫಾರಸು. ಆಗ ಹೆಸರನ್ನು ತುಂಡರಿಸಿ ಬರೆಯಬೇಕಾಗುತ್ತದೆ. ಅದಕ್ಕೂ 1997ರಲ್ಲಿಯೇ ನಿಯಮ ಬಂದಿದೆಯಾದರೂ ಎಲ್ಲ ತಂತ್ರಾಂಶಗಳೂ ಅದನ್ನು ಸರಿಯಾಗಿ ಪಾಲಿಸವು. ಪರಿಣಾಮವಾಗಿ ಹೆಸರು ಕಲಸುಮೇಲೋಗರವಾಗುತ್ತದೆ, ಅಥವಾ ಕೊನೆಯ ‘ಪಿಡಿಎಫ್’ ಎಂಬ ಗುರುತೇ ಬಿದ್ದುಹೋಗಿ ಕಡತ ತೆರೆಯದಾಗುತ್ತದೆ. ಅಂತಹುದನ್ನು ಉಳಿಸಿಕೊಂಡು, ಹೆಸರಿನ ತುದಿಗೆ ಚುಕ್ಕೆ ಮತ್ತು ಪಿಡಿಎಫ್ ಸೇರಿಸಿದರೆ ಬಹುಮಟ್ಟಿಗೆ ತೆರೆಯುತ್ತದೆ. ಓಲೆಯ ತುಂಬ ಕನ್ನಡ ಬರೆಯಲು ಇಂದು ಅಡ್ಡಿಯಿಲ್ಲ. ಕಡತದ ಹೆಸರನ್ನು ಮಾತ್ರ ಕಳುಹಿಸುವ ಮುನ್ನ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಸದ್ಯಕ್ಕೆ ಕ್ಷೇಮ.

ಆ್ಯಪಲ್ ಕಂಪ್ಯೂಟರಿನ ಮೇಲ್ ತಂತ್ರಾಂಶದ ರೀತಿ ಬೇರೆ. ಅದು ಚಿತ್ರಗಳನ್ನು ಓಲೆಯ ಸಾಲುಗಳ ನಡುವೆಯೇ ತೋರಿಸಲು ಇಚ್ಛಿಸುತ್ತದೆ. ಅಂತಹ ಓಲೆಯನ್ನು ಪಡೆದ ಬೇರೆ ತಂತ್ರಾಂಶವು ಅವನ್ನು ಲಗತ್ತುಗಳ ಪಟ್ಟಿಯಲ್ಲಿ ಸೇರಿಸದೆ ಹೋಗಬಹುದು. ಲಗತ್ತುಗಳನ್ನು ಯಾವಾಗಲೂ ಓಲೆಯ ಕೊನೆಯಲ್ಲಿಯೇ ಇಡುವಂತೆ ಅಲ್ಲಿ ಒಂದು ಆಯ್ಕೆಯಿದೆ. ಅದನ್ನು ಬಳಸುವುದು ಲೇಸು.

ಗಾತ್ರದ ಮಾತೂ ಮರೆಯತಕ್ಕದ್ದಲ್ಲ. ಮೂರು ಬೈಟುಗಳು ನಾಲ್ಕಾಗುವುದರಿಂದ 20 ಎಂಬಿಯ ಕಡತವು ದಾರಿಯಲ್ಲಿ 26 ಎಂಬಿಗೂ ಮಿಕ್ಕಿ ಬೆಳೆಯುತ್ತದೆ. ಸ್ವೀಕರಿಸುವ ಸರ್ವರಿನ ಮಿತಿ 25 ಎಂಬಿ ಇದ್ದರೆ ಅದು ಬಾಗಿಲಿನಿಂದಲೇ ಹಿಂದಿರುಗೀತು. ಇನ್ನು ‘ಇಎಕ್ಸ್‌ಇ’ಯಂತಹ, ತಾನಾಗಿ ಓಡಬಲ್ಲ ಕಡತಗಳನ್ನು ಅನೇಕ ತಂತ್ರಾಂಶಗಳು ಬೇಕೆಂದೇ ತಡೆಯುತ್ತವೆ. ಆ ತಡೆ ಮನೆಬಾಗಿಲಿನ ಅಗುಳಿಯಂತೆ. ಅದನ್ನು ಉಪಾಯದಿಂದ ತಪ್ಪಿಸಲು ಹೋಗಬಾರದು.

ಮತ್ತೆ ಆ ಸಂಸಾರಕ್ಕೆ ಬರೋಣವಾಗಲಿ. ಧಾರವಾಡದಲ್ಲಿ ಅಕ್ಕನ ಮಗಳು ಭಾನುವಾರ ಸಂಜೆ ತಾಯಿಯ ಫೋನನ್ನು ತಿರುಗಿಸಿ ನೋಡಿದಳು. “ಅಮ್ಮಾ, ಇದು ಎರಡು ಎಂಬಿ ಇದೆ. ಮಾವ ಏನನ್ನೋ ಕಳುಹಿಸಿರುವುದು ನಿಜ” ಎಂದಳು. ಅಷ್ಟು ಮಾತಿಗೆ ಅಕ್ಕನ ಮುಖದ ಬಿಗಿ ಸಡಿಲಿತು. ಬೆಂಗಳೂರಿಗೆ ಕರೆ ಹೋಯಿತು. ತಮ್ಮನು ಓಲೆಯ ಬಗೆಯನ್ನು ಬದಲಾಯಿಸಿದನು. ಕಾಲು ಗಂಟೆಯಲ್ಲಿ ಕರಡು ಆಕೆಯ ಕಣ್ಣೆದುರಿಗಿತ್ತು. ಮೂವರ ಪಾಲೂ ಅದರಲ್ಲಿ ಸಮನಾಗಿಯೇ ಇದ್ದಿತು.

ಕಾಗದ ಸಿಕ್ಕಿತು. ಆದರೆ ಮೂರು ದಿನಗಳ ನಡುವೆ ಆಡಿಹೋದ ಮಾತುಗಳನ್ನು ಮತ್ತೊಮ್ಮೆ ಬೇರೆ ಬಗೆಯಲ್ಲಿ ಕಳುಹಿಸುವ ಉಪಾಯವನ್ನು ಯಾವ ತಂತ್ರಾಂಶವೂ ಕಲಿಸಿಲ್ಲ. “ಏಕೆ ಕಳುಹಿಸಲಿಲ್ಲ?” ಎಂದು ಕೇಳುವುದರ ಬದಲು “ನನಗೆ ಕಾಣಿಸುತ್ತಿರುವುದು ಇಷ್ಟು, ನೀನು ಕಳುಹಿಸಿದ್ದೇನು?” ಎಂದು ಕೇಳಿದ್ದರೆ ಶುಕ್ರವಾರವೇ ಎಲ್ಲವೂ ಬಗೆಹರಿಯುತ್ತಿತ್ತು. ಲಗತ್ತು ಕಾಣದಾದಾಗ ಓಲೆಯ ತೂಕವನ್ನು ಮೊದಲು ನೋಡಬೇಕು. ಮನುಷ್ಯರ ಮನಸ್ಸನ್ನು ತೂಗುವುದು ಆಮೇಲಿನ ಮಾತು.