ಬಸ್ಸು ಹತ್ತದ ಮಕ್ಕಳ ಪಟ್ಟಿ ಎಲ್ಲಿದೆ ಮೇಷ್ಟ್ರೇ?



ಶಾಲಾ ಪ್ರವಾಸದ ಕಾಲ ಬಂತು. ಹೈಸ್ಕೂಲುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಒಂದೇ ಸುದ್ದಿ. ಬೇಲೂರು, ಹಳೇಬೀಡು, ಧರ್ಮಸ್ಥಳ, ಉಡುಪಿ, ಜೋಗ. ಮೂರು ದಿನ, ಎರಡು ರಾತ್ರಿ, ತಲೆಗೆ ಇಷ್ಟು, ಇಂಥ ತಾರೀಕಿನೊಳಗೆ ಕಟ್ಟಬೇಕು. ಮೇಷ್ಟ್ರು ಕ್ಲಾಸಿಗೆ ಬಂದು "ಯಾರ್ಯಾರು ಬರ್ತೀರಿ, ಕೈ ಎತ್ರಿ" ಅಂತಾರೆ. ಆ ಒಂದು ನಿಮಿಷದಲ್ಲಿ ಯಾರ ಕೈ ಮೇಲೆ ಹೋಯ್ತು, ಯಾರ ತಲೆ ಕೆಳಗೆ ಹೋಯ್ತು ಅಂತ ನೋಡಿದವರು ಯಾರು?

ನಾನು ಗುಮಾಸ್ತ. ಕಡತ ನೋಡೋದೇ ನನ್ನ ಕೆಲಸ. ಪ್ರವಾಸದ ಕಡತದಲ್ಲಿ ಏನೇನಿರುತ್ತೆ? ಮೇಲಧಿಕಾರಿಗಳ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಕಾಗದಪತ್ರ, ಹೋಗೋ ಮಕ್ಕಳ ಪಟ್ಟಿ, ಜೊತೆಗೆ ಹೋಗೋ ಶಿಕ್ಷಕರ ಪಟ್ಟಿ. ಎಲ್ಲ ಸರಿ. ಹೋಗದೆ ಉಳಿದ ಮಕ್ಕಳೆಷ್ಟು, ಯಾಕೆ ಉಳಿದ್ರು ಅನ್ನೋ ಹಾಳೆಯನ್ನ ಮಾತ್ರ ಯಾರೂ ಕೇಳಲ್ಲ. ಕಡತದಲ್ಲಿ ಇಲ್ಲದ್ದು ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ!

ಲೆಕ್ಕ ನಾನೇ ಹಾಕ್ತೀನಿ. ಪ್ರವಾಸಕ್ಕೆ 2,500 ರೂಪಾಯಿ ಅಂತಿಟ್ಟುಕೊಳ್ಳಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದ್ರೆ ಒಂದು ಮಗು ಬಸ್ಸು ಹತ್ತಬೇಕಾದ್ರೆ ಅದರ ಅವ್ವ ಹೆಚ್ಚುಕಮ್ಮಿ ಏಳು ದಿನ ಮಣ್ಣು ಹೊರಬೇಕು. ಆ ಏಳು ದಿನ ಮನೇಲಿ ಒಲೆ ಉರಿಯಬಾರದು. ಮನೇಲಿ ಇಬ್ಬರು ಮಕ್ಕಳಿದ್ರೆ ಹದಿನಾಲ್ಕು ದಿನ. ಆ ಮಗು ಮನೆಗೆ ಹೋಗಿ ಬಾಯೇ ಬಿಡಲ್ಲ. "ನನಗೆ ಬಸ್ಸಲ್ಲಿ ವಾಂತಿ ಬರುತ್ತೆ ಸಾರ್" ಅಂತ ತಾನೇ ಒಂದು ನೆಪ ಹುಡುಕಿ ಹೇಳುತ್ತೆ. ಮೇಷ್ಟ್ರು ಅದನ್ನೇ ನಂಬ್ತಾರೆ. ನಂಬಿದ್ರೆ ಅವರಿಗೂ ಸಲೀಸು.

"ಬಡವರು ಎಲ್ಲ ಜಾತಿಯಲ್ಲೂ ಇದ್ದಾರೆ, ಪ್ರವಾಸದಲ್ಲೂ ಜಾತಿ ಹುಡುಕ್ತೀರಾ?" ಅಂತ ಕೆಲವರು ಕೇಳ್ತಾರೆ. ಬಡವರು ಎಲ್ಲ ಕಡೆ ಇದ್ದಾರೆ, ನಾನು ಕೇಳ್ತಿರೋದು ಅವರೆಲ್ಲರ ಮಕ್ಕಳಿಗೂ ಸೇರಿಸಿಯೇ. ಆದರೆ ಸ್ವಾಮಿ, ದಲಿತ ಹೆಣ್ಣುಮಗಳು ಬಿಸಿಯೂಟ ಬೇಯಿಸಿದಳು ಅಂತ ಮಕ್ಕಳನ್ನೇ ಶಾಲೆ ಬಿಡಿಸಿದ ಊರುಗಳು ಇದೇ ರಾಜ್ಯದಲ್ಲಿವೆ. ಅಂಥ ಊರಿಂದ ಹೊರಡೋ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರ್ತಾರೆ, ಯಾರ ತಟ್ಟೆ ಎಲ್ಲಿರುತ್ತೆ ಅನ್ನೋದು ತಾನಾಗೇ ಸರಿಹೋಗುತ್ತಾ? ಜಾತಿಯನ್ನ ನಾವು ಹುಡುಕಿಕೊಂಡು ಹೋಗಲ್ಲ, ಅದೇ ನಮ್ಮನ್ನ ಹುಡುಕಿಕೊಂಡು ಬರುತ್ತೆ.

ಪ್ರವಾಸ ಅಂದ್ರೆ ನಮಗೆ ಏನಾಗಿತ್ತು ಅನ್ನೋದನ್ನ ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. 1901ರಲ್ಲಿ, ಹುಡುಗ ಭೀಮ ಅಪ್ಪನನ್ನ ನೋಡೋಕೆ ಸತಾರಾದಿಂದ ಹೊರಟು ರೈಲಿಳಿದಾಗ, ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಗಾಡಿಯವರು ಹತ್ತಿಸಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ಮಕ್ಕಳೇ ಹೊಡೆದುಕೊಂಡು ಹೋದ್ರು. ಬುತ್ತಿ ಇತ್ತು, ಕುಡಿಯೋಕೆ ನೀರು ಸಿಗಲಿಲ್ಲ. 1934ರಲ್ಲಿ ಅದೇ ಭೀಮರಾವ್ ದೊಡ್ಡ ಬ್ಯಾರಿಸ್ಟರ್. ಜೊತೆಗಾರರ ಸಂಗಡ ಎಲ್ಲೋರ ನೋಡೋಕೆ ಹೊರಟವರು ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಹೋದರು. ಬಾಗಿಲ ಬಳಿಯ ಕೊಳದಲ್ಲಿ ಮುಖ ತೊಳೆದದ್ದಕ್ಕೆ ಗಲಾಟೆ ಆಯ್ತು. ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ಕಾಯೋಕೆ ಬಂದೂಕಿನವನನ್ನ ಜೊತೆಗೆ ಕಳಿಸಿದ್ರು. ಅದೂ ಒಂದು ಪ್ರವಾಸವೇ ತಾನೇ?

ಇನ್ನು ತೋರಿಸೋ ಜಾಗಗಳ ಮಾತು. ದೇವಸ್ಥಾನ ತೋರಿಸಬೇಡಿ ಅಂತ ನಾನು ಹೇಳಲ್ಲ. ಪೂರ್ತಿ ತೋರಿಸಿ. ಉಡುಪಿಯಲ್ಲಿ ಕನಕನ ಕಿಂಡಿ ಮುಂದೆ ನಿಲ್ಲಿಸಿ ದೇವರು ತಿರುಗಿದ ಕಥೆ ಹೇಳ್ತೀರಲ್ಲ, ಕನಕದಾಸರು ಹೊರಗೆ ಯಾಕೆ ನಿಂತಿದ್ರು ಅನ್ನೋದನ್ನೂ ಹೇಳಿ. ಬೇಲೂರಿನಲ್ಲಿ, ಮೇಲುಕೋಟೆಯಲ್ಲಿ ಹಿಂದೆ ನಮ್ಮವರನ್ನ ವರ್ಷಕ್ಕೆ ಕೆಲವೇ ದಿನ ಒಳಗೆ ಬಿಡ್ತಿದ್ರು ಅನ್ನೋದನ್ನೂ ಹೇಳಿ. ಶಿವನಸಮುದ್ರದಲ್ಲಿ ಜಲಪಾತದ ಮುಂದೆ ಫೋಟೋ ತೆಗೆಸ್ತೀರಿ. 1902ರಲ್ಲಿ ಅಲ್ಲಿಂದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಆ ಚಿನ್ನ ತೆಗೆದವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ದಲಿತರು. 1954ರಲ್ಲಿ ಬಾಬಾಸಾಹೇಬರು ಕೆಜಿಎಫ್‌ಗೆ ಬಂದಿದ್ರು. ಮಕ್ಕಳನ್ನ ಅಲ್ಲಿಗೂ ಕರೆದುಕೊಂಡು ಹೋಗಿ. 1925ರಲ್ಲಿ ಅವರು ಸಮ್ಮೇಳನಕ್ಕೆ ಬಂದ ನಿಪ್ಪಾಣಿಗೆ ಹೋಗಿ. ಅಶೋಕನ ಹೆಸರು ಕೆತ್ತಿರೋ ಮಸ್ಕಿಯ ಬಂಡೆ, ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪ ತೋರಿಸಿ. ಸಮಗಾರ ಹರಳಯ್ಯನವರು ನಡೆದಾಡಿದ ಬಸವಕಲ್ಯಾಣ ತೋರಿಸಿ. ಇವೆಲ್ಲ ಕರ್ನಾಟಕವೇ.

ಪ್ರವಾಸ ಯೋಜನೆ ಮಾಡೋ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ನನ್ನ ಒತ್ತಾಯ ಇಷ್ಟು.

ಒಂದು, ಕ್ಲಾಸಿನಲ್ಲಿ ಕೈ ಎತ್ತಿಸಬೇಡಿ. ದುಡ್ಡು ಕಟ್ಟಿದವರ ಹೆಸರನ್ನ ಗ್ರೂಪಿಗೆ ಹಾಕಬೇಡಿ. ಪೋಷಕರನ್ನ ಒಬ್ಬೊಬ್ಬರಾಗಿ ಕರೆದು ಮಾತಾಡಿ.

ಎರಡು, ಜಾಗ ಆರಿಸಿ ಆಮೇಲೆ ರೇಟು ಹೇಳೋದು ಬಿಡಿ. ಕ್ಲಾಸಿನ ಅತಿ ಬಡ ಮನೆ ಎಷ್ಟು ಕೊಡಬಲ್ಲದು ಅಂತ ಮೊದಲು ತಿಳಿದುಕೊಳ್ಳಿ, ಅಷ್ಟರಲ್ಲಿ ಎಲ್ಲಿಗೆ ಹೋಗಬಹುದು ಅಂತ ಆಮೇಲೆ ನೋಡಿ. ಮೂರು ದಿನದ್ದು ಆಗಲ್ವಾ? ಎಲ್ಲರೂ ಹೋಗೋ ಒಂದು ದಿನದ್ದು ಮಾಡಿ. ಜೂನ್‌ನಿಂದಲೇ ತಿಂಗಳಿಗಿಷ್ಟು ಅಂತ ಕಟ್ಟೋಕೆ ಬಿಡಿ.

ಮೂರು, ಬಸ್ಸಿನಲ್ಲಿ ಸೀಟು, ಊಟದಲ್ಲಿ ಸಾಲು, ರಾತ್ರಿ ಮಲಗೋ ಜಾಗ, ಇವನ್ನ ಮಕ್ಕಳ ಪಾಡಿಗೆ ಬಿಡಬೇಡಿ. ನೀವೇ ಹಂಚಿ, ನೀವೂ ಅದೇ ಸಾಲಲ್ಲಿ ಕೂತು ಉಣ್ಣಿ.

ನಾಲ್ಕು, ಬಾರದ ಮಕ್ಕಳ ಪಟ್ಟಿಯನ್ನ ಕಾರಣ ಸಮೇತ ಕಡತಕ್ಕೆ ಹಾಕಿ, ಎಸ್‌ಡಿಎಂಸಿ ಸಭೆಯಲ್ಲಿ ಓದಿ.

ಸರ್ಕಾರಕ್ಕೂ ಒಂದು ಮಾತು. ಆಯ್ದ ಒಂದಿಷ್ಟು ಮಕ್ಕಳಿಗೆ 'ಕರ್ನಾಟಕ ದರ್ಶನ' ಮಾಡಿಸಿ ಕೈತೊಳೆದುಕೊಳ್ಳಬೇಡಿ. ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ತೆಗೆದಿಡಬೇಕು ಅಂತ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಹೇಳುತ್ತೆ. ನಮ್ಮ ಹೆಸರಿನ ಆ ಹಣದಲ್ಲಿ ನಮ್ಮ ಮಗುವಿಗೆ ಒಂದು ಬಸ್ ಸೀಟು ಇಲ್ವಾ?

ಸಂಗಾತಿಗಳೇ, ಓದಿ ಲೈಕ್ ಒತ್ತಿ ಮುಂದೆ ಹೋಗಬೇಡಿ. ಈ ವಾರ ನಿಮ್ಮೂರಿನ ಶಾಲೆಗೆ ಹೋಗಿ. ಜಗಳ ಬೇಡ, ಮರ್ಯಾದೆಯಿಂದ ಒಂದೇ ಪ್ರಶ್ನೆ ಕೇಳಿ: "ಸಾರ್, ಈ ಸಲ ಬರ್ತಿಲ್ಲದ ಮಕ್ಕಳು ಯಾರ್ಯಾರು?" ಉತ್ತರ ಬರೆದುಕೊಂಡು ಬನ್ನಿ. ಮಕ್ಕಳ ಹೆಸರು ಬೇಡ, ಎಷ್ಟು ಮಕ್ಕಳು, ಯಾವ ಕಾರಣ, ಅಷ್ಟನ್ನ ಕೆಳಗೆ ಹಾಕಿ. ಎಲ್ಲ ಒಟ್ಟುಮಾಡಿ ಅರ್ಜಿ ಬರೆಯೋ ಕೆಲಸ ನನಗಿರಲಿ. ಅದು ನನಗೆ ಚೆನ್ನಾಗಿ ಬರುತ್ತೆ.

ಜೈಭೀಮ್.